ಗೆಳೆಯರ ಊಟಕ್ಕೆ ಮರುವಾಯಿ ಗಸಿ

ಆರು ಮಂದಿ ಗೆಳೆಯರನ್ನು ಮಧ್ಯಾಹ್ನದ ಊಟಕ್ಕೆ ಕರೆದು ಮರುವಾಯಿ ಎಂಬ ಚಿಪ್ಪುಮೀನಿನ ಗಸಿ, ಅಂದರೆ ಕಾಯಿ ಅರೆದು ಮಾಡುವ ಗಟ್ಟಿ ಸಾರು, ಮಾಡುವುದಾದರೆ 150 ಮರುವಾಯಿ ಬೇಕು, ಒಂದು ದೊಡ್ಡ ತೆಂಗಿನಕಾಯಿ ಬೇಕು, ಬೆಳಗ್ಗಿನಿಂದಲೇ ಬಿಡುವೂ ಬೇಕು. ಬಿಡುವನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಒಲೆಯ ಮುಂದಿನ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಮರಳು ಬಿಡಿಸುವುದಕ್ಕೆ, ಸತ್ತದ್ದನ್ನು ಆರಿಸಿ ತೆಗೆಯುವುದಕ್ಕೆ, ಚಿಪ್ಪಿನೊಳಗಿನ ನೀರನ್ನು ಜೋಪಾನ ಮಾಡುವುದಕ್ಕೆ ಹೋಗುತ್ತದೆ. ಈ ಅಡುಗೆಯಲ್ಲಿ ಮಸಾಲೆ ಸ್ವಲ್ಪ ಹೆಚ್ಚು ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಒಂದೇ ಒಂದು ಕಾಳು ಮರಳು ಹಲ್ಲಿಗೆ ಸಿಕ್ಕಿದರೆ ಇಡೀ ಪಂಕ್ತಿಗೆ ತಿಳಿಯುತ್ತದೆ.

ಮರುವಾಯಿ ಎಂಬುದು ತುಳುನಾಡಿನ ಹೆಸರು. ಕುಂದಾಪುರದ ಕಡೆ ಇದನ್ನೇ ಮಳಿ ಎನ್ನುತ್ತಾರೆ, ಕುಮಟಾ ಅಂಕೋಲೆಗಳಲ್ಲಿ ಬೆಳಚು ಎನ್ನುತ್ತಾರೆ, ಕಾರವಾರದ ಕೊಂಕಣಿಯವರಿಗೆ ಇದು ತಿಸ್ರ್ಯೊ. ನದಿಯು ಸಮುದ್ರ ಸೇರುವ ಅಳಿವೆಗಳಲ್ಲಿ, ಸಿಹಿನೀರು ಉಪ್ಪುನೀರು ಬೆರೆಯುವ ಕಡೆ, ಮರಳು ಮತ್ತು ಕೆಸರಿನ ಅಡಿಯಲ್ಲಿ ಇದು ಬದುಕುತ್ತದೆ. ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಮಂಗಳೂರು, ಶಾಂಭವಿ ಮತ್ತು ನಂದಿನಿ ಸೇರುವ ಸಸಿಹಿತ್ಲು, ಕುಂದಾಪುರದ ಪಂಚಗಂಗಾವಳಿ, ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿ ಎಲ್ಲವೂ ಇದರ ತವರುಗಳೇ. ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶವೆಂದು, ಘೋಷಿಸಲಾಯಿತು. ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ನೀರು ಇಳಿದಾಗ ಸೊಂಟದಷ್ಟು ಆಳದಲ್ಲಿ ನಿಂತು, ಕಾಲಿನಲ್ಲಿ ತಡಕಿ, ಕೈಯಿಂದ ಎತ್ತಿ ತರುವ ಬೆಳಚಿನಿಂದಲೇ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾಗಿ ಕೆಂಪಾಗಿ ಹರಿಯುವಾಗ ಮರುವಾಯಿ ಬಡವಾಗುತ್ತದೆ, ಹಿಡಿಯಲು ನೀರಿಗಿಳಿಯುವುದೂ ಕಷ್ಟ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕರೆದರೆ ಗೆಳೆಯರಿಗೂ ಲಾಭ, ನಿಮಗೂ ಲಾಭ.

ಕರೆಯುವ ಮೊದಲು ಕೇಳಬೇಕಾದ ಮಾತೊಂದಿದೆ. ಸಿಗಡಿ, ಏಡಿ, ಮರುವಾಯಿ ಇವುಗಳಲ್ಲಿ ಯಾವುದನ್ನಾದರೂ ತಿಂದಾಗ ಮೈ ತುರಿಸಿದ್ದು, ತುಟಿ ಊದಿದ್ದು, ಉಸಿರು ಕಟ್ಟಿದಂತಾದದ್ದು ಉಂಟೇ ಎಂದು ಪ್ರತಿಯೊಬ್ಬರನ್ನೂ ಬಿಡಿಸಿ ಕೇಳಿ. ಸಿಗಡಿ ಆಗದವರಿಗೆ ಮರುವಾಯಿ ಆಗಬಹುದು, ಆಗದೆಯೂ ಇರಬಹುದು. ನಿಮ್ಮ ಊಟದ ಮೇಜು ಅದನ್ನು ಪರೀಕ್ಷಿಸುವ ಜಾಗವಲ್ಲ. ಅಂಥವರು ಒಬ್ಬರಿದ್ದರೂ ಅವರ ಪಲ್ಯವನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ, ಮರುವಾಯಿಗೆ ಕೈ ಹಾಕುವ ಮೊದಲೇ ಮಾಡಿ ಮುಗಿಸಿ.

ಕೊಳ್ಳುವುದು

ನಮ್ಮ ಕಡೆ ಮರುವಾಯಿಯನ್ನು ತೂಕದಲ್ಲಿ ಕೇಳುವವರು ಕಡಿಮೆ, ನೂರರ ಲೆಕ್ಕದಲ್ಲಿ ಕೇಳುತ್ತಾರೆ. ಇದರಲ್ಲಿ ಬುದ್ಧಿವಂತಿಕೆಯಿದೆ, ಏಕೆಂದರೆ ತೂಕದ ಬಹುಪಾಲು ಚಿಪ್ಪಿನದ್ದು. ಕಿಲೋ ಲೆಕ್ಕ ಹಿಡಿದು ಹೊರಟವರು ಎಷ್ಟು ಮಂದಿಗೆ ಸಾಕಾಗುತ್ತದೆಂದು ಅಂದಾಜಿಸಲಾರರು. ನಾನು ಕೊಳ್ಳುವ ಮೀನುಮಾರುಕಟ್ಟೆಯ ಅಕ್ಕ, ನಾನು ನೂರು ಎಂದಾಗಲೆಲ್ಲ ಬುಟ್ಟಿಯಿಂದ ಕೈ ತೆಗೆಯದೆಯೇ ಕೇಳುತ್ತಾರೆ:

"ಊಟಕ್ಕೆ ಎಷ್ಟು ಜನ ಉಂಟು?"

"ಆರು ಜನ ಅಕ್ಕ."

"ಹಾಗಾದ್ರೆ ನೂರು ಸಾಕಾಗ್ಲಿಕ್ಕಿಲ್ಲ, ನೂರೈವತ್ತು ತಕ್ಕೊಳ್ಳಿ. ಬಾಯಿ ಬಿಟ್ಟದ್ದು ಸ್ವಲ್ಪ ಹೋಗ್ತದೆ."

ಬಾಯಿ ಬಿಟ್ಟದ್ದು ಹೋಗುವ ಲೆಕ್ಕವನ್ನು ಮಾರುವವರೇ ಒಪ್ಪಿಕೊಳ್ಳುವಾಗ ನಾವು ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ಒಬ್ಬರಿಗೆ 25ರಂತೆ ಹಿಡಿದರೆ ಸರಿಯಾಗುತ್ತದೆ. ಕರಾವಳಿಯಲ್ಲೇ ಹುಟ್ಟಿ ಬೆಳೆದ ಗೆಳೆಯರಾದರೆ 40 ಎಂದು ಇಟ್ಟುಕೊಳ್ಳಿ.

ಜೀವಂತ ಮರುವಾಯಿ ಬಾಯಿ ಮುಚ್ಚಿಕೊಂಡಿರುತ್ತದೆ. ಎರಡನ್ನು ಕೈಗೆತ್ತಿಕೊಂಡು ಒಂದಕ್ಕೊಂದು ತಟ್ಟಿ ನೋಡಿ: ಒಳಗೆ ಜೀವವೂ ನೀರೂ ತುಂಬಿರುವುದು ಎರಡು ಬೆಣಚುಕಲ್ಲುಗಳನ್ನು ತಟ್ಟಿದ ಹಾಗೆ ಗಟ್ಟಿಯಾಗಿ ಸದ್ದು ಮಾಡುತ್ತದೆ, ಸತ್ತದ್ದು ಟೊಳ್ಳಾಗಿ ಸದ್ದು ಮಾಡುತ್ತದೆ. ಸ್ವಲ್ಪ ಬಾಯಿ ತೆರೆದಿರುವುದನ್ನು ಬೆರಳಿನಿಂದ ತಟ್ಟಿದಾಗ ಅದು ಮೆಲ್ಲಗೆ ಮುಚ್ಚಿಕೊಂಡರೆ ಬದುಕಿದೆ ಎಂದರ್ಥ. ಮುಚ್ಚದಿದ್ದರೆ ಬುಟ್ಟಿಗೇ ಬಿಡಿ. ಚಿಪ್ಪು ಒಡೆದದ್ದು, ಬಿರುಕು ಬಿಟ್ಟದ್ದು ಬೇಡ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಮರಿಗಳೂ ಬೇಡ; ಅವುಗಳಲ್ಲಿ ತಿನ್ನಲು ಏನೂ ಇರುವುದಿಲ್ಲ, ನದಿಯಲ್ಲಿ ಬಿಟ್ಟರೆ ಮುಂದಿನ ವರ್ಷಕ್ಕಾದರೂ ಆಗುತ್ತದೆ. ತಾಜಾ ಮರುವಾಯಿಯ ಬುಟ್ಟಿಗೆ ಅಳಿವೆಯ ಕೆಸರಿನ ವಾಸನೆ ಇರುತ್ತದೆ, ಅದು ಸಹಜ. ಕೊಳೆತ ವಾಸನೆ ಬಂದರೆ ಮುಂದಿನ ಬುಟ್ಟಿಗೆ ಹೋಗಿ.

ಎಲ್ಲಿಂದ ಬಂದದ್ದು ಎಂದು ಕೇಳುವುದಕ್ಕೂ ಸಂಕೋಚಪಡಬೇಡಿ. ಮರುವಾಯಿ ತಾನಿರುವ ನೀರನ್ನು ಸೋಸಿ ಸೋಸಿ ಬದುಕುವ ಪ್ರಾಣಿಯಾದ್ದರಿಂದ ನೀರಿನಲ್ಲಿರುವ ಕೊಳೆಯೆಲ್ಲ ಅದರ ಹೊಟ್ಟೆ ಸೇರುತ್ತದೆ. ಊರಿನ ಚರಂಡಿ ಬಂದು ಸೇರುವ ಜಾಗದ್ದನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ರೋಗಾಣುಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ, ಆದರೆ ಕೆಲವು ಜಾತಿಯ ಸೂಕ್ಷ್ಮ ಪಾಚಿಗಳು ನೀರಿನಲ್ಲಿ ಹೆಚ್ಚಾದಾಗ ಚಿಪ್ಪುಮೀನಿನಲ್ಲಿ ಸೇರಿಕೊಳ್ಳುವ ವಿಷ ಕುದಿಸಿದರೂ ಹೋಗುವುದಿಲ್ಲ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಇಂಥ ವಿಷಬಾಧೆ ಕಾಣಿಸಿಕೊಂಡದ್ದು ದಾಖಲಾಗಿದೆ. ಇದು ಅಪರೂಪದ ಸಂಗತಿ, ಹೆದರಿ ಮರುವಾಯಿಯನ್ನೇ ಬಿಡಬೇಕಾಗಿಲ್ಲ. ನೀರಿನ ಬಣ್ಣ ಕೆಟ್ಟಿದೆ ಎಂದು ನದಿಯವರೇ ಇಳಿಯದೆ ಬಿಟ್ಟ ದಿನಗಳಲ್ಲಿ ಮಾತ್ರ ನಾವೂ ಬಿಟ್ಟುಬಿಡೋಣ. ತಿಂದ ಬಳಿಕ ಯಾರಿಗಾದರೂ ತುಟಿ, ಬಾಯಿ ಜೋಮು ಹಿಡಿದಂತಾದರೆ ಮನೆಮದ್ದು ಹುಡುಕುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮರಳು ಬಿಡಿಸುವುದು

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಬಾಡಿಗೆ ಮನೆಯಲ್ಲಿ ಮೊದಲ ಸಲ ಕಚೇರಿಯ ಗೆಳೆಯರನ್ನು ಕರೆದಿದ್ದಾಗ, ಶನಿವಾರ ಸಂಜೆಯೇ ಮರುವಾಯಿ ತಂದು, ರಾತ್ರಿಯಿಡೀ ಮರಳು ಬಿಡಲಿ ಎಂದು ಒಂದು ಬಕೆಟ್ ನಲ್ಲಿ ನೀರಿಗೆ ಹಾಕಿ ಮುಚ್ಚಿಟ್ಟು ಮಲಗಿದೆ. ಬೆಳಗ್ಗೆ ಮುಚ್ಚಳ ತೆಗೆದರೆ ಅರ್ಧಕ್ಕರ್ಧ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ನೀರು ಕದಡಿತ್ತು, ವಾಸನೆ ಮೆಟ್ಟಿಲಿನವರೆಗೆ ಹೋಗಿತ್ತು. ಆ ದಿನ ಗೆಳೆಯರು ಮೊಟ್ಟೆಸಾರು ಉಂಡು ಹೋದರು. ವಿಷಯವನ್ನು ತಿಳಿದ ಅಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಉಪ್ಪುನೀರಿನದ್ದನ್ನು ಸಿಹಿನೀರಿಗೆ ಹಾಕಿದರೆ ಅದು ಬದುಕುವುದು ಹೇಗೆ ಮಗ?"

ಆದ್ದರಿಂದ ನೀರು ಉಪ್ಪಾಗಿರಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯ ಮರುವಾಯಿಗೆ 25 ಗ್ರಾಂ, ಅಂದರೆ ಲೀಟರಿಗೆ ತುಂಬಿದ ಒಂದು ದೊಡ್ಡ ಚಮಚ ಕಲ್ಲುಪ್ಪು, ಸಾಕು. ಮೊದಲು ಮರುವಾಯಿಗಳನ್ನು ನಲ್ಲಿಯ ಕೆಳಗೆ ಒಂದಕ್ಕೊಂದು ಉಜ್ಜಿ, ಚಿಪ್ಪಿನ ಹೊರಗಿನ ಕೆಸರೆಲ್ಲ ಹೋಗುವವರೆಗೆ ನಾಲ್ಕೈದು ಸಲ ತೊಳೆಯಿರಿ. ಬಳಿಕ ಅಗಲವಾದ ಪಾತ್ರೆಯೊಳಗೆ ತೂತಿನ ತಟ್ಟೆಯನ್ನೋ ಇಡ್ಲಿ ಪಾತ್ರೆಯ ಒಳತಟ್ಟೆಯನ್ನೋ ಎತ್ತರಿಸಿ ಇಟ್ಟು, ಅದರ ಮೇಲೆ ಮರುವಾಯಿ ಹರಡಿ, ಮುಳುಗುವಷ್ಟೇ ಉಪ್ಪುನೀರು ಹಾಕಿ. ತಟ್ಟೆ ಇಡುವ ಕಾರಣವೇನೆಂದರೆ, ಮರುವಾಯಿ ಉಗುಳಿದ ಮರಳು ಕೆಳಗೆ ತಂಗುತ್ತದೆ; ತಟ್ಟೆ ಇಲ್ಲದಿದ್ದರೆ ಅದೇ ಮರಳನ್ನು ಅವು ಮತ್ತೆ ಒಳಗೆಳೆದುಕೊಳ್ಳುತ್ತವೆ. ಪಾತ್ರೆಯನ್ನು ಮುಚ್ಚಳದಿಂದ ಬಿಗಿಯದೆ ಒಂದು ಬಟ್ಟೆ ಹೊದಿಸಿ, ತಂಪಾದ ಕತ್ತಲೆ ಮೂಲೆಯಲ್ಲಿ ಎರಡು ಮೂರು ಗಂಟೆ ಬಿಡಿ. ನಡುವೆ ಒಮ್ಮೆ ನೀರು ಬದಲಿಸಿ.

ಅರ್ಧ ಗಂಟೆಯ ಬಳಿಕ ಸದ್ದು ಮಾಡದೆ ಬಟ್ಟೆಯನ್ನು ಸ್ವಲ್ಪ ಸರಿಸಿ ನೋಡಿದರೆ ಕಾಣುವ ನೋಟ ಚೆನ್ನಾಗಿರುತ್ತದೆ. ಚಿಪ್ಪುಗಳು ಅಕ್ಕಿಕಾಳಿನಷ್ಟು ತೆರೆದುಕೊಂಡಿರುತ್ತವೆ, ಆ ಸಂದಿಯಿಂದ ಎರಡು ಬಿಳಿಯ ಕೊಳವೆಗಳು ಹೊರಚಾಚಿರುತ್ತವೆ. ಒಂದರಿಂದ ನೀರು ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತಿರುತ್ತದೆ, ಕೆಲವು ಪಿಚಕಾರಿಯಂತೆ ನೀರನ್ನು ಪಾತ್ರೆಯ ಆಚೆಗೂ ಚಿಮ್ಮಿಸುತ್ತವೆ. ನಿಮ್ಮ ನೆರಳು ಬಿದ್ದೊಡನೆ ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಅಷ್ಟೂ ಹೊತ್ತಿನಲ್ಲಿ ಬಾಯಿ ತೆರೆದೂ ಮುಚ್ಚದೆ ಇರುವುದನ್ನು ಆಗಲೇ ಎತ್ತಿ ಬಿಸಾಡಿ. ಮೂರು ಗಂಟೆಯಾದ ಮೇಲೆ ಮರುವಾಯಿಗಳನ್ನು ಕೈಯಿಂದ ಎತ್ತಿ ತೆಗೆಯಬೇಕು. ಪಾತ್ರೆಯನ್ನು ಬಗ್ಗಿಸಿ ಸುರಿದರೆ ತಳದ ಮರಳೆಲ್ಲ ಮತ್ತೆ ಅವುಗಳ ಮೇಲೆಯೇ ಬೀಳುತ್ತದೆ.

ಅಡುಗೆಗೆ ಇನ್ನೂ ಹೊತ್ತಿದ್ದರೆ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟರೆ ಉಸಿರು ಕಟ್ಟಿ ಸಾಯುತ್ತವೆ. ತಂದ ದಿನವೇ ಬೇಯಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಮಸಾಲೆ

ಮರುವಾಯಿ ಉಪ್ಪುನೀರಿನಲ್ಲಿ ಮರಳು ಬಿಡುತ್ತಿರುವಾಗ ಮಸಾಲೆಯ ಕೆಲಸ ಮುಗಿಸಬಹುದು. 150 ಮರುವಾಯಿಗೆ 15 ಬ್ಯಾಡಗಿ ಮೆಣಸು, ಖಾರಕ್ಕೆ ನಾಲ್ಕು ಗಿಡ್ಡ ಮೆಣಸು, ಮೂರು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಚಮಚ ಒಳ್ಳೆಮೆಣಸು, ಕಾಲು ಚಮಚ ಮೆಂತೆ, ಕಾಲು ಚಮಚ ಸಾಸಿವೆ, ಅಷ್ಟೇ ಅರಸಿನ ಬೇಕು. ಘಟ್ಟದ ಮೇಲಿನವರು ಕರಿಮೆಣಸು ಎನ್ನುವುದನ್ನೇ ನಾವು ಒಳ್ಳೆಮೆಣಸು ಎನ್ನುತ್ತೇವೆ. ಇವುಗಳ ಜೊತೆಗೆ ಒಂದು ದೊಡ್ಡ ತೆಂಗಿನಕಾಯಿಯ ತುರಿ, ಮೂರು ಈರುಳ್ಳಿ, ಹದಿನೈದು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು, ಎರಡು ಎಸಳು ಕರಿಬೇವು, ತೆಂಗಿನೆಣ್ಣೆ. ಉಪ್ಪನ್ನು ಬೇಕೆಂದೇ ಇಲ್ಲಿ ಹೇಳಿಲ್ಲ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸು ಬಣ್ಣ ಕೊಡುತ್ತದೆ, ಖಾರ ಅಷ್ಟಾಗಿ ಕೊಡುವುದಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಬಣ್ಣ ಬರಲಿ ಎಂದು ಖಾರದ ಮೆಣಸನ್ನೇ ಹೆಚ್ಚು ಹಾಕಿದರೆ ಮರುವಾಯಿಯ ಸಿಹಿ ಖಾರದೊಳಗೆ ಮುಳುಗಿಹೋಗುತ್ತದೆ. ಘಟ್ಟದ ಮೇಲಿಂದ ಬಂದ ಗೆಳೆಯರು ಇನ್ನೂ ಖಾರ ಬೇಕು ಎನ್ನಬಹುದು. ಅವರಿಗೆ ಬೇರೆಯಾಗಿ ಮೆಣಸಿನ ಚಟ್ನಿ ಇಡಿ, ಗಸಿಯನ್ನು ಮುಟ್ಟಬೇಡಿ.

ಕಾವಲಿಗೆ ಅರ್ಧ ಚಮಚ ತೆಂಗಿನೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಮೆಣಸುಗಳನ್ನು ಗರಿಗರಿಯಾಗುವವರೆಗೆ ಹುರಿದು ತೆಗೆಯಿರಿ. ಬಳಿಕ ಕೊತ್ತಂಬರಿ, ಅದು ಪರಿಮಳ ಬಿಟ್ಟಾಗ ಜೀರಿಗೆ ಮತ್ತು ಒಳ್ಳೆಮೆಣಸು, ಕೊನೆಗೆ ಮೆಂತೆ ಸಾಸಿವೆಗಳನ್ನು ಹಾಕಿ. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿದರೆ ಕೊತ್ತಂಬರಿ ಹಸಿಯಾಗಿ ಉಳಿದು ಮೆಂತೆ ಕರಕಲಾಗುತ್ತದೆ, ಕರಕಲಾದ ಮೆಂತೆಯ ಕಹಿಯನ್ನು ತೆಗೆಯುವ ಉಪಾಯ ಯಾರಿಗೂ ಗೊತ್ತಿಲ್ಲ. ಅದೇ ಕಾವಲಿಯಲ್ಲಿ ಒಂದು ಈರುಳ್ಳಿ ಮತ್ತು ಎಂಟು ಎಸಳು ಬೆಳ್ಳುಳ್ಳಿಯನ್ನು ಬಾಡಿಸಿ, ಕಾಯಿತುರಿ ಸೇರಿಸಿ, ತುರಿಯ ಹಸಿ ನೀರಿನಂಶ ಆರಿ ಅಂಚು ತಿಳಿಗೆಂಪಾಗುವವರೆಗೆ ಕೈಯಾಡಿಸಿ. ಹೆಚ್ಚು ಕೆಂಪಾದರೆ ಅದು ಒಣ ಪಲ್ಯದಂಥ ಸುಕ್ಕದ ಹಾದಿ ಹಿಡಿಯುತ್ತದೆ. ಗಸಿಗೆ ಕಾಯಿಯಲ್ಲಿ ಇನ್ನೂ ಹಾಲಿರಬೇಕು.

ಹುರಿದದ್ದು ಆರಿದ ಮೇಲೆ ಹುಣಸೆ, ಅರಸಿನ ಸೇರಿಸಿ ಕಡೆಯಬೇಕು, ಅಂದರೆ ರುಬ್ಬಬೇಕು. ಮೊದಲು ಮೆಣಸು ಮತ್ತು ಬೀಜಗಳನ್ನು ಸ್ವಲ್ಪ ನೀರಿನಲ್ಲಿ ನುಣ್ಣಗೆ ಮಾಡಿಕೊಂಡು, ಆಮೇಲೆ ಕಾಯಿ ಹಾಕಿ. ಕಡೆಯುವ ಕಲ್ಲು ಇದ್ದವರು ಪುಣ್ಯವಂತರು. ಮಿಕ್ಸಿಯಲ್ಲಿ ಮಾಡುವವರು ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಜಾರ್ ಬಿಸಿಯಾಗಿ ಕಾಯಿ ಎಣ್ಣೆ ಬಿಡುವುದು ತಪ್ಪುತ್ತದೆ. ಎರಡು ಬೆರಳ ನಡುವೆ ಉಜ್ಜಿದಾಗ ತರಿ ಸಿಕ್ಕಬಾರದು. ಮಿಕ್ಸಿ ತೊಳೆದ ನೀರನ್ನು ಚೆಲ್ಲಬೇಡಿ, ಗಸಿಗೆ ಆಗುತ್ತದೆ.

ಬಾಯಿ ತೆರೆಸುವುದು

ಮರುವಾಯಿಯನ್ನು ತೆರೆಯಲು ಎರಡು ದಾರಿಗಳಿವೆ. ಹಳಬರು ಮೆಟ್ಟುಕತ್ತಿ ಎನ್ನುವ ಈಳಿಗೆಮಣೆಯ ಮೇಲೆ ಹಸಿಯಾಗಿಯೇ ತೆರೆಯುತ್ತಾರೆ. ಮಣೆಯ ಮೇಲೆ ಕುಳಿತು, ಕತ್ತಿಯ ಬಾಯಿಯ ಕೆಳಗೊಂದು ಪಾತ್ರೆ ಇಟ್ಟು, ಎರಡು ಚಿಪ್ಪು ಕೂಡುವ ಗೆರೆಯನ್ನು ಅಲಗಿಗೆ ಒತ್ತಿ ತುಸು ಹೊರಳಿಸಿದರೆ ಕಟಕ್ ಎಂದು ಬಿಚ್ಚಿಕೊಳ್ಳುತ್ತದೆ. ನೀರು ಪಾತ್ರೆಗೆ ಇಳಿಯುತ್ತದೆ, ಒಂದು ಚಿಪ್ಪಿಗಂಟಿದ ಮಾಂಸವನ್ನು ಅಲಗಿನ ತುದಿಯಿಂದ ಇನ್ನೊಂದಕ್ಕೆ ಕೆರೆದು ಸೇರಿಸಿ, ಖಾಲಿಯಾದದ್ದನ್ನು ಎಸೆಯುತ್ತಾರೆ. ನೂರೈವತ್ತನ್ನು ನನ್ನ ಅಮ್ಮ ಮಾತನಾಡುತ್ತಲೇ ಮುಗಿಸುತ್ತಿದ್ದರು. ಅಭ್ಯಾಸವಿಲ್ಲದ ನಾವು ಇದಕ್ಕೆ ಕೈ ಹಾಕಿದರೆ ಗಸಿಗೆ ರಕ್ತವೂ ಸೇರುತ್ತದೆ. ಮಾಡಲೇಬೇಕೆಂಬ ಹಟವಿದ್ದರೆ ಮರುವಾಯಿಯನ್ನು ಮೊದಲು ಒಂದೆರಡು ಗಂಟೆ ಫ್ರೀಜರಿನಲ್ಲಿಡಿ. ಚಳಿಗೆ ಅದರ ಹಿಡಿತ ಸಡಿಲವಾಗಿ ಸುಲಭವಾಗಿ ತೆರೆದುಕೊಳ್ಳುತ್ತದೆ.

ಎರಡನೆಯ ದಾರಿ ಹಬೆಯದ್ದು. ಗೆಳೆಯರನ್ನು ಕರೆದ ದಿನಕ್ಕೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತೆರೆಯದೆ ಉಳಿದದ್ದು ಯಾವುದು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಅಗಲವಾದ ಪಾತ್ರೆಯಲ್ಲಿ ಅರ್ಧ ಲೋಟ ನೀರು ಕುದಿಸಿ, ಮರುವಾಯಿಯ ಅರ್ಧ ಭಾಗವನ್ನು ಹಾಕಿ, ಮುಚ್ಚಳ ಮುಚ್ಚಿ, ದೊಡ್ಡ ಉರಿಯಲ್ಲಿ ಇಡಿ. ಒಂದೆರಡು ನಿಮಿಷ ಏನೂ ಕೇಳಿಸುವುದಿಲ್ಲ. ಬಳಿಕ ಒಳಗಿನಿಂದ ಟಕ್ ಟಕ್ ಎಂದು ಒಂದೊಂದೇ ಚಿಪ್ಪು ತೆರೆಯುವ ಸದ್ದು ಶುರುವಾಗಿ, ಪಾತ್ರೆಯಂಚಿನಿಂದ ಬಿಳಿ ನೊರೆ ಏಳುತ್ತದೆ. ನೊರೆ ಉಕ್ಕಿ ಒಲೆಗೆ ಚೆಲ್ಲಿದರೆ ಗಸಿಯ ರುಚಿಯೇ ಚೆಲ್ಲಿದಂತೆ. ಮುಚ್ಚಳವನ್ನು ಸ್ವಲ್ಪ ಸರಿಸಿ ಉರಿ ತಗ್ಗಿಸಿ. ಪಾತ್ರೆಯನ್ನು ಒಮ್ಮೆ ಕುಲುಕಿ, ಐದಾರು ನಿಮಿಷದಲ್ಲಿ ತೆರೆದವನ್ನೆಲ್ಲ ಸೌಟಿನಿಂದ ಎತ್ತಿ ತೆಗೆಯಿರಿ. ತೆರೆಯದವಕ್ಕೆ ಇನ್ನೆರಡು ನಿಮಿಷ ಕೊಡಿ. ಆಗಲೂ ಬಾಯಿ ಬಿಡದಿದ್ದರೆ ಕತ್ತಿಯಿಂದ ಬಲವಂತವಾಗಿ ತೆರೆಯಲು ಹೋಗದೆ ಬಿಸಾಡಿ. ಒಳಗೆ ಬರಿಯ ಕೆಸರು ತುಂಬಿ ಅಂಟಿಕೊಂಡ ಸತ್ತ ಚಿಪ್ಪೊಂದು ಹೀಗೆ ತೆರೆದುಕೊಂಡರೆ ಇಡೀ ಪಾತ್ರೆ ಹಾಳು. ಉಳಿದರ್ಧವನ್ನು ಅದೇ ನೀರಿನಲ್ಲಿ ಬೇಯಿಸಿ.

ಈಗ ಪಾತ್ರೆಯ ತಳದಲ್ಲಿ ಹಾಲು ಕಲಸಿದಂಥ ಬೂದುಬಿಳಿ ನೀರು ಎರಡು ಲೋಟದಷ್ಟಾದರೂ ಸೇರಿರುತ್ತದೆ. ಹಾಕಿದ್ದು ಅರ್ಧ ಲೋಟವಾದ್ದರಿಂದ ಉಳಿದದ್ದೆಲ್ಲ ಮರುವಾಯಿಯೇ ಕೊಟ್ಟದ್ದು. ಎಷ್ಟೋ ಅಡುಗೆಮನೆಗಳಲ್ಲಿ ಇದನ್ನು ಕೊಳೆನೀರೆಂದು ತಿಳಿದು ಚೆಲ್ಲಿ, ಆಮೇಲೆ ಗಸಿ ಯಾಕೋ ಸಪ್ಪೆ ಎಂದು ಮಸಾಲೆಗೆ ಬೈಯುವುದನ್ನು ಕಂಡಿದ್ದೇನೆ. ಆ ನೀರನ್ನು ಎತ್ತರವಾದ ಸ್ಟೀಲ್ ಪಾತ್ರೆಗೆ ಸುರಿದು ಹತ್ತು ನಿಮಿಷ ಅಲುಗಿಸದೆ ಬಿಡಿ. ಎಷ್ಟೇ ಜಾಗ್ರತೆ ಮಾಡಿದ್ದರೂ ತಳದಲ್ಲಿ ಒಂದು ಚಿಟಿಕೆ ಮರಳು ಕೂತಿರುತ್ತದೆ. ಮೇಲಿನ ನೀರನ್ನು ಮೆಲ್ಲಗೆ ತೆಳು ಬಟ್ಟೆಯ ಮೂಲಕ ಬಗ್ಗಿಸಿಕೊಂಡು, ಕೊನೆಯ ಎರಡು ಚಮಚದಷ್ಟನ್ನು ಚೆಲ್ಲಿಬಿಡಿ. ಚಿಪ್ಪುಗಳನ್ನು ಬಿಡಿಸಿ ಮಾಂಸವಿರುವ ಅರ್ಧವನ್ನು ಇಟ್ಟುಕೊಂಡು ಖಾಲಿ ಅರ್ಧವನ್ನು ತೆಗೆಯಿರಿ. ಮಾಂಸದ ಮೇಲೆ ಮರಳು ಕಂಡರೆ ನಲ್ಲಿಗೆ ಹಿಡಿಯದೆ, ಸೋಸಿದ ನೀರಿನಲ್ಲಿ ಸ್ವಲ್ಪವನ್ನು ಬಟ್ಟಲಿಗೆ ತೆಗೆದುಕೊಂಡು ಅದರಲ್ಲೇ ಅದ್ದಿ ತೆಗೆದು, ಆ ನೀರನ್ನು ಮತ್ತೆ ಸೋಸಿಕೊಳ್ಳಿ.

ಗಸಿ

ತುಳುವರು ಬಿಸಲೆ ಎನ್ನುವ ಮಣ್ಣಿನ ಪಾತ್ರೆಯಿದ್ದರೆ ಅದನ್ನೇ ಬಳಸಿ. ಹುಳಿಗೆ ಅದು ಹೊಂದುತ್ತದೆ, ಒಲೆ ಆರಿಸಿದ ಮೇಲೂ ಬಿಸಿ ಹಿಡಿದಿರುತ್ತದೆ. ಇಲ್ಲದವರಿಗೆ ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು. ಮೂರು ದೊಡ್ಡ ಚಮಚ ತೆಂಗಿನೆಣ್ಣೆ ಕಾಯಿಸಿ, ಉಳಿದ ಬೆಳ್ಳುಳ್ಳಿಯನ್ನು ಜಜ್ಜಿ ಹಾಕಿ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ ಮತ್ತು ಕರಿಬೇವು ಸೇರಿಸಿ, ಈರುಳ್ಳಿಯ ಬಣ್ಣ ಬದಲಾಗುವವರೆಗೆ ಬಾಡಿಸಿ. ಕಡೆದ ಮಸಾಲೆ ಹಾಕಿ ಮೂರು ನಾಲ್ಕು ನಿಮಿಷ ತಿರುವಿ, ಸೋಸಿದ ಮರುವಾಯಿ ನೀರಿನಲ್ಲಿ ಒಂದು ಲೋಟವನ್ನು ಮೊದಲು ಹಾಕಿ, ಮಿಕ್ಸಿ ತೊಳೆದ ನೀರನ್ನೂ ಸೇರಿಸಿ ಕುದಿಯಲು ಬಿಡಿ. ಹುಣಸೆಯ ಹಸಿ ವಾಸನೆ ಹೋಗಿ ಮೇಲೆ ಅಲ್ಲಲ್ಲಿ ಎಣ್ಣೆಯ ಕಣ್ಣು ಮೂಡಲು ಹತ್ತು ಹನ್ನೆರಡು ನಿಮಿಷ ಬೇಕು. ಹದ ದೋಸೆಹಿಟ್ಟಿಗಿಂತ ಸ್ವಲ್ಪ ತೆಳುವಾಗಿರಲಿ.

ಉಪ್ಪಿನ ವಿಚಾರ ಈಗ. ಇಷ್ಟು ಕುದಿದ ಮೇಲೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ರುಚಿ ನೋಡಿ. ಉಪ್ಪು ಕಡಿಮೆಯೆನಿಸಿದರೆ ಉಳಿದ ಮರುವಾಯಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಅದು ಮುಗಿದ ಮೇಲೂ ಬೇಕೆನಿಸಿದರೆ ಮಾತ್ರ ಉಪ್ಪಿನ ಡಬ್ಬಕ್ಕೆ ಕೈ ಹಾಕಿ. ಉಪ್ಪು ಸರಿಯಿದ್ದು ಗಸಿ ದಪ್ಪವಾಗಿದ್ದರೆ ಬಿಸಿನೀರು ಹಾಕಿ. ಎಲ್ಲ ಅಡುಗೆಯಂತೆ ಇದಕ್ಕೂ ಮೊದಲೇ ಉಪ್ಪು ಹಾಕಿಟ್ಟವರು ಆಮೇಲೆ ಆಲೂಗಡ್ಡೆ ತುಂಡು ಹಾಕಿ ಪರದಾಡಬೇಕಾಗುತ್ತದೆ.

ಗೆಳೆಯರ ಊಟಕ್ಕೆ ಅನುಕೂಲವಾದ ಸಂಗತಿಯೆಂದರೆ ಇಲ್ಲಿಯವರೆಗಿನ ಕೆಲಸವನ್ನು ಎರಡು ಗಂಟೆ ಮೊದಲೇ ಮುಗಿಸಿ ಇಡಬಹುದು. ಮಸಾಲೆಯ ರಸ ಕೂತಷ್ಟೂ ಚೆನ್ನಾಗುತ್ತದೆ. ಮರುವಾಯಿಯ ಮಾಂಸವನ್ನು ಮಾತ್ರ ಮುಚ್ಚಿ ಫ್ರಿಜ್ಜಿನಲ್ಲಿಟ್ಟಿರಿ. ಗೆಳೆಯರು ಬಂದು, ಚಪ್ಪಲಿ ಕಳಚಿ, ನೀರು ಕುಡಿದು ಕೂತ ಮೇಲೆ ರಸವನ್ನು ಮತ್ತೆ ಕುದಿಗೆ ತಂದು ಮರುವಾಯಿ ಸೇರಿಸಿ, ಸೌಟಿನಿಂದ ಕಲಕದೆ ಪಾತ್ರೆಯನ್ನೇ ಹಿಡಿದು ಎರಡು ಸಲ ತಿರುಗಿಸಿ, ಐದು ನಿಮಿಷ ಚೆನ್ನಾಗಿ ಕುದಿಸಿ ಇಳಿಸಿ. ಐದಕ್ಕೆ ಮೊದಲು ಇಳಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಹದಿನೈದಕ್ಕೆ ಹೋದರೆ ಮಾಂಸ ರಬ್ಬರಿನಂತಾಗುತ್ತದೆ. ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ ಬಿಟ್ಟು ಮುಚ್ಚಿಡಿ.

ಇದಕ್ಕೇ ಹಲಸಿನ ಬೀಜ ಬೇಯಿಸಿ ಹಾಕುವವರಿದ್ದಾರೆ, ಬಸಳೆ ಹಾಕುವವರಿದ್ದಾರೆ. ಬಸಳೆಯ ದಂಟು ಮರುವಾಯಿ ರಸವನ್ನು ಹೀರಿಕೊಂಡಾಗ ಮರುವಾಯಿಗಿಂತ ದಂಟಿಗೇ ಜಗಳವಾಗುವುದುಂಟು. ಆದರೆ ಮೊದಲ ಸಲ ತಿನ್ನುವ ಗೆಳೆಯರಿಗೆ ಬೆರಕೆಯಿಲ್ಲದ್ದೇ ಇರಲಿ. ಪಚ್ಚಿಲೆ ಎಂಬ ಇನ್ನೊಂದು ಬಗೆಯ ಚಿಪ್ಪುಮೀನು ಸಿಕ್ಕಿದರೂ ಇದೇ ಕ್ರಮ, ಅದರ ಚಿಪ್ಪಿನ ಸಂದಿಯಿಂದ ಹೊರಬಂದ ನಾರನ್ನು ಮಾತ್ರ ಮೊದಲೇ ಎಳೆದು ತೆಗೆದಿರಬೇಕು.

ಬಡಿಸುವುದು

ಜೊತೆಗೆ ನೀರುದೋಸೆ ಇದ್ದರೆ ಬೇರೇನೂ ಬೇಡ. ಮೂರು ಲೋಟ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನುಣ್ಣಗೆ ಕಡೆದು, ಮಜ್ಜಿಗೆಯಷ್ಟು ನೀರಾಗಿಸಿ, ಉಪ್ಪು ಹಾಕಿ, ಹುಳಿ ಬರಿಸದೆ, ಚೆನ್ನಾಗಿ ಕಾದ ಕಾವಲಿಗೆ ಸುತ್ತಿ ಹೊಯ್ದು ಮುಚ್ಚಿ ಬೇಯಿಸಿದರಾಯಿತು, ಮಗುಚಬಾರದು. ಆರು ಮಂದಿ ಕೂತಾಗ ಒಬ್ಬರು ಒಲೆಯ ಮುಂದೆಯೇ ಉಳಿಯಬೇಕಾಗುತ್ತದೆ ಎಂಬುದೊಂದೇ ಇದರ ತೊಂದರೆ. ಅದು ಬೇಡವೆನ್ನುವವರು ಬೆಳಗ್ಗೆಯೇ ಪುಂಡಿ, ಅಂದರೆ ಅಕ್ಕಿಯ ಕಡುಬಿನುಂಡೆ, ಕಟ್ಟಿ ಹಬೆಯಲ್ಲಿಟ್ಟು ಬೇಯಿಸಿಡಬಹುದು, ಇಲ್ಲವೇ ಕುಚ್ಚಲಕ್ಕಿ ಅನ್ನ ಮಾಡಬಹುದು.

ಪ್ರತಿ ಇಬ್ಬರ ನಡುವೆ ಚಿಪ್ಪು ಹಾಕಲು ಒಂದು ಖಾಲಿ ಬಟ್ಟಲು ಇಡಿ. ಘಟ್ಟದ ಮೇಲಿಂದ ಬಂದ ಗೆಳೆಯರು ಚಮಚದಿಂದ ಮಾಂಸವನ್ನು ಕೆರೆಯಲು ನೋಡುತ್ತಾರೆ. ಒಮ್ಮೆ ನೀವೇ ತಿಂದು ತೋರಿಸಿ: ಚಿಪ್ಪನ್ನು ರಸದ ಸಮೇತ ಬೆರಳಿನಲ್ಲೆತ್ತಿ, ಅಂಚನ್ನು ತುಟಿಗಿಟ್ಟು, ಸದ್ದಾದರೆ ಆಗಲಿ ಎಂದು ಹೀರಿದರೆ ರಸವೂ ಮಾಂಸವೂ ಒಟ್ಟಿಗೆ ಬಾಯಿಗೆ ಬರುತ್ತವೆ. ಹಾಸನದ ಗೆಳೆಯನೊಬ್ಬ ಮೊದಲ ಐದನ್ನು ಅನುಮಾನದಿಂದ ಮೂಸಿ ಮೂಸಿ ತಿಂದವನು, ಊಟ ಮುಗಿದಾಗ ತನ್ನ ಬಟ್ಟಲಿನ ಚಿಪ್ಪುಗಳನ್ನು ಎಣಿಸಿ 43 ಎಂದು ಘೋಷಿಸಿದ. ಒಬ್ಬರಿಗೆ 25ರ ಲೆಕ್ಕ ಅಂದು ಕೈಕೊಟ್ಟಿತು.

ಗಸಿ ಉಳಿದರೆ ಆರಿದೊಡನೆ ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಗ್ಗೆ ಕುದಿಸಿ ಮುಗಿಸಿಬಿಡಿ. ಚಿಪ್ಪುಗಳನ್ನು ರಾತ್ರಿಯಿಡೀ ಅಡುಗೆಮನೆಯ ಕಸದ ಬುಟ್ಟಿಯಲ್ಲಿ ಇಡಬೇಡಿ; ತೊಳೆದು ಬಿಸಿಲಿಗೆ ಹರಡಿದರೆ ಎರಡು ದಿನದಲ್ಲಿ ವಾಸನೆ ಹೋಗುತ್ತದೆ. ಹಿಂದೆ ಇವನ್ನೇ ಸುಟ್ಟು ವೀಳ್ಯಕ್ಕೂ ಗೋಡೆಗೂ ಸುಣ್ಣ ಮಾಡುತ್ತಿದ್ದರು. ಈಗ ಸುಡುವವರು ಅಪರೂಪವಾದರೂ, ಹಿತ್ತಲಿನಲ್ಲಿ ತೆಂಗಿನ ಮರವಿದ್ದರೆ ಒಣಗಿದ ಚಿಪ್ಪನ್ನು ಪುಡಿಮಾಡಿ ಅದರ ಬುಡಕ್ಕೆ ಹಾಕಬಹುದು.